ರಾತ್ರಿ ಡಾಕ್ಟರ್‌ಗೆ ಫೋನ್ ಮಾಡುವ ಮುಂಚೆ

ವಾರ್ಡ್‌ಗೆ ಹೊಸದಾಗಿ ಬಂದಿರುವ ಸಿಸ್ಟರ್‌ಗಳೇ, ಬ್ರದರ್‌ಗಳೇ, ರಾತ್ರಿ ಡಾಕ್ಟರ್‌ಗೆ ಫೋನ್ ಮಾಡಿದಾಗ "ಸರ್, ಪೇಷೆಂಟ್ ಯಾಕೋ ಸರಿ ಇಲ್ಲ" ಅಂತ ಶುರು ಮಾಡಬೇಡಿ. ಕೇಸ್‌ಶೀಟ್, ಆಗಷ್ಟೇ ನೋಡಿದ ಬಿಪಿ, ಪಲ್ಸ್ ಎಲ್ಲಾ ಮುಂದಿಟ್ಟುಕೊಂಡು ಮಾತಾಡಿ. "ಸರ್, ಸರ್ಜರಿ ವಾರ್ಡ್, 12ನೇ ಬೆಡ್. ಬಿಪಿ 90/60, ಪಲ್ಸ್ 124. ನಿನ್ನೆ ಆಪರೇಷನ್ ಆದವರು, ಡ್ರೆಸ್ಸಿಂಗ್ ರಕ್ತದಲ್ಲಿ ನೆನೆದಿದೆ. ಬ್ಲೀಡಿಂಗ್ ಅನ್ನಿಸ್ತಿದೆ, ಈಗಲೇ ಬಂದು ನೋಡಬೇಕು ಸರ್." ಇದನ್ನೇ ಎಸ್‌ಬಿಎಆರ್ (ಸಿಚುಯೇಷನ್, ಬ್ಯಾಕ್‌ಗ್ರೌಂಡ್, ಅಸೆಸ್‌ಮೆಂಟ್, ರೆಕಮೆಂಡೇಷನ್) ಅನ್ನೋದು: ಈಗೇನಾಗಿದೆ, ಹಿನ್ನೆಲೆ ಏನು, ನಿಮಗೇನು ಅನ್ನಿಸುತ್ತೆ, ಏನು ಬೇಕು. ಕೊನೆಯದನ್ನು ಬಾಯಿ ಬಿಟ್ಟು ಕೇಳೋಕೆ ತುಂಬಾ ಜನ ಹಿಂಜರಿಯುತ್ತಾರೆ, ಆದರೆ ಫೋನ್ ಮಾಡಿದ್ದೇ ಅದಕ್ಕೆ ಅಲ್ವಾ?

ಫೋನಲ್ಲಿ ಹೇಳಿದ ಡೋಸ್ ಬರೆದುಕೊಂಡು, ವಾಪಸ್ ಓದಿ ಹೇಳಿ. ಫಿಫ್ಟೀನ್, ಫಿಫ್ಟಿ ಎರಡೂ ಒಂದೇ ಥರ ಕೇಳಿಸುತ್ತವೆ. "ಒನ್ ಫೈವ್ ಅಲ್ವಾ ಸರ್?" ಅಂತ ಕೇಳಿಬಿಡಿ.