ಚಿಂತೆ ಜಾಸ್ತಿಯಾದ ಸಂಜೆಗೊಂದು ಸಲಹೆ

ನಮ್ಮ ತೀರ್ಥಹಳ್ಳಿ, ಹೊಸನಗರ ಕಡೆ ಜುಲೈನಲ್ಲಿ ಮಳೆ ಬಿಡುವುದಿಲ್ಲ, ಅಡಿಕೆಗೆ ಕೊಳೆರೋಗ ಬಂದೀತೆಂಬ ಚಿಂತೆಯೂ ಬಿಡುವುದಿಲ್ಲ ಅಲ್ವಾ? ಆಗ ಸುಮ್ನೆ ರೀಲ್ಸ್ ತಳ್ಳುವ ಬದಲು ಫ್ರ್ಯಾಕ್ಟಲ್ ಅನಿಮೇಶನ್ ನೋಡಿ. ಒಂದೇ ವಿನ್ಯಾಸ ತನ್ನೊಳಗೇ ಸಣ್ಣದಾಗಿ ಮರುಕಳಿಸುತ್ತಾ ಹೋಗುವ ಚಿತ್ರ ಅದು. ತೋಟದ ಬದಿಯ ಜರೀಗಿಡ ನೋಡಿ, ದೊಡ್ಡ ಎಲೆಯೊಳಗೆ ಅದೇ ಆಕಾರದ ಪುಟ್ಟ ಪುಟ್ಟ ಎಲೆ. ಹಾಗೇ.

ಬಣ್ಣ ನಿಧಾನವಾಗಿ ಹರಡುವಂಥದ್ದನ್ನೇ ಆರಿಸಿ. ಸೆಕೆಂಡಿಗೆ 3 ಸಲಕ್ಕಿಂತ ಜಾಸ್ತಿ ಮಿನುಗುವುದು ಖಂಡಿತ ಬೇಡ. ಮೂರ್ಛೆರೋಗವಿರುವ ಕೆಲವರಿಗೆ ಅದು ಅಪಾಯ. ಬ್ರೈಟ್‌ನೆಸ್ ಇಳಿಸಿ, ಫೋನನ್ನು ಚೊಂಬಿಗೋ ಡಬ್ಬಿಗೋ ಒರಗಿಸಿಡಿ, ಕೈಯಲ್ಲಿ ಹಿಡಿಯಬೇಡಿ. ಆಕಾರ ಅರಳುವಾಗ ಉಸಿರು ಒಳಗೆ, ಮುದುಡುವಾಗ ನಿಧಾನಕ್ಕೆ ಹೊರಗೆ. 10 ನಿಮಿಷ ಸಾಕು. ಕರೆಂಟು, ನೆಟ್‌ವರ್ಕ್ ಹೋಗುವ ಮುಂಚೆಯೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.