ಒಂದೇ ಲಾಗಿನ್, ಮೂರು ಡಿವೈಸ್: ಬೆಂಗಳೂರಿಗೆ ಹೊಸಬರಾಗಿ ಬಂದವರಿಗೆ

ಬೆಂಗಳೂರಿಗೆ ಬಂದಿಳಿದ ಮೊದಲ ವಾರ ಎಲ್ಲರದ್ದೂ ಒಂದೇ ಗೋಳು. ಹಾವೇರಿಯಿಂದ ಬಂದಿರಲಿ, ಕಾಸರಗೋಡಿನಿಂದ ಬಂದಿರಲಿ, ಮಸ್ಕತ್‌ನಲ್ಲಿ ಬೆಳೆದು ಈಗ ಕಾಲೇಜಿಗೆ ಅಂತ ಬಂದಿರಲಿ, ರೂಮು ಸಿಗುತ್ತದೆ, ಮಂಚ ಸಿಗುತ್ತದೆ, ಇಂಟರ್ನೆಟ್ ಮಾತ್ರ ಸಿಗುವುದಿಲ್ಲ. ಬಾಡಿಗೆ ಮನೆಯಾದರೆ ಹೊಸ ಕನೆಕ್ಷನ್‌ಗೆ ವಿಳಾಸದ ದಾಖಲೆ ಕೇಳುತ್ತಾರೆ. ನಿಮ್ಮ ಹನ್ನೊಂದು ತಿಂಗಳ ಅಗ್ರಿಮೆಂಟ್ ಇನ್ನೂ ಓನರ್ ಸಹಿಗೆ ಕಾಯುತ್ತಾ ಕೂತಿರುತ್ತದೆ. ಪಿಜಿಯಾದರೆ ಗೇಟಿನ ಬೋರ್ಡಿನಲ್ಲೇ ವೈಫೈ ಅಂತ ಬರೆದಿರುತ್ತಾರೆ. ಒಳಗೆ ಹೋದ ಮೇಲೆ ಗೊತ್ತಾಗುತ್ತದೆ, ಒಬ್ಬರಿಗೆ ಒಂದೇ ಲಾಗಿನ್, ಒಂದು ಲಾಗಿನ್‌ಗೆ ಒಂದೇ ಡಿವೈಸ್. ಲ್ಯಾಪ್‌ಟಾಪ್ ಹಾಕಿದರೆ ಫೋನಿಗಿಲ್ಲ, ಫೋನ್ ಹಾಕಿದರೆ ಲ್ಯಾಪ್‌ಟಾಪಿಗಿಲ್ಲ.

ನಾನು ಶಿರಸಿ ಬಿಟ್ಟು ಈ ಊರಿಗೆ ಬಂದು ಹತ್ತೊಂಬತ್ತು ವರ್ಷ ಆಯಿತು. ಹೋದ ವರ್ಷ ಅಕ್ಕನ ಮಗ ಮಸ್ಕತ್‌ನಿಂದ ಬಂದು ವಿಜಯನಗರದ ಕಡೆ ಪಿಜಿ ಸೇರಿದ. ಎರಡನೇ ದಿನವೇ ಫೋನ್. "ಮಾಮ, ಇವರ ವೈಫೈ ಇಂಡಿಯಾ ನಂಬರ್ ಕೇಳ್ತಿದೆ, ಓಟಿಪಿ ನಿಮಗೆ ಕಳಿಸ್ಲಾ?" ಕಳಿಸು ಅಂದೆ. ಲ್ಯಾಪ್‌ಟಾಪ್ ಕನೆಕ್ಟ್ ಆಯಿತು. ಐದು ನಿಮಿಷಕ್ಕೆ ಮತ್ತೆ ಫೋನ್. ಈಗ ಫೋನಿಗೂ ಬೇಕಂತೆ, ಟ್ಯಾಬಿಗೂ ಬೇಕಂತೆ. ಅವತ್ತು ಅವನಿಗೆ ಹೇಳಿಕೊಟ್ಟಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಕಂಪ್ಯೂಟರ್ ಇಂಟರ್ನೆಟ್ ಬಳಸುವುದಷ್ಟೇ ಅಲ್ಲ, ಹಂಚಲೂ ಬಲ್ಲದು. ಅದಕ್ಕೆ ಬೇರೆ ದುಡ್ಡು ಕೊಡಬೇಕಿಲ್ಲ.

ಬೆಂಗಳೂರಿನ ಮನೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕಾವೇರಿ ನೀರು ಬೀದಿಯಿಂದ ಒಂದೇ ಪೈಪಿನಲ್ಲಿ ಬಂದು ಸಂಪಿಗೆ, ಅಂದರೆ ನೆಲದಡಿಯ ತೊಟ್ಟಿಗೆ ಬೀಳುತ್ತದೆ. ಮೇಲಿನ ಟ್ಯಾಂಕಿಗೆ ಹತ್ತಿಸಿದ ಮೇಲೆ ಬಚ್ಚಲು, ಅಡುಗೆಮನೆ, ಹಿತ್ತಲು ಎಲ್ಲಾ ಕಡೆ ನಲ್ಲಿ. ಬೀದಿಯ ಪೈಪಿಗೆ ಒಳಗೆ ಎಷ್ಟು ನಲ್ಲಿ ಇವೆ ಅಂತ ಗೊತ್ತಿರುವುದಿಲ್ಲ. ಇಲ್ಲೂ ಹಾಗೆ. ಹೊರಗಿನವರಿಗೆ ಕಾಣುವುದು ಲ್ಯಾಪ್‌ಟಾಪ್ ಒಂದೇ. ಅದರ ಹಿಂದಿರುವ ಫೋನುಗಳಿಗೆ ಅದೇ ಒಂದೊಂದು ಒಳನಂಬರ್ (ಐಪಿ ಅಡ್ರೆಸ್) ಕೊಟ್ಟುಕೊಳ್ಳುತ್ತದೆ. ವಿಂಡೋಸ್‌ನಲ್ಲಾದರೆ ಅದು 192.168.137 ಅಂತ ಶುರುವಾಗುತ್ತದೆ. ನಿಮ್ಮ ಫೋನಿನ ವೈಫೈ ವಿವರದಲ್ಲಿ ಈ ನಂಬರ್ ಕಂಡರೆ ಲ್ಯಾಪ್‌ಟಾಪಿನಿಂದಲೇ ಬರುತ್ತಿದೆ ಅಂತ ಅರ್ಥ.

ಹಾಗಾಗಿ ಮೊದಲು ನೋಡಬೇಕಾದ್ದು ಒಂದೇ. ನೀರು ಯಾವ ದಾರಿಯಿಂದ ಒಳಗೆ ಬರುತ್ತಿದೆ, ಯಾವ ದಾರಿಯಿಂದ ಹೊರಗೆ ಹೋಗುತ್ತಿದೆ? ಎರಡೂ ಬೇರೆ ಬೇರೆ ಆಗಿದ್ದರೆ ಸುಖ. ಗೋಡೆಯಲ್ಲಿ ಲ್ಯಾನ್ ಪಾಯಿಂಟ್ (ಇಂಟರ್ನೆಟ್ ಕೇಬಲ್ ಸಿಕ್ಕಿಸುವ ಕಿಂಡಿ) ಇದ್ದು, ಅಲ್ಲಿಂದ ಕೇಬಲ್ ಎಳೆದು ಲ್ಯಾಪ್‌ಟಾಪಿಗೆ ಹಾಕಿದರೆ, ಒಳಗೆ ಬರುವುದು ತಂತಿಯಲ್ಲಿ, ಹೊರಗೆ ಹೋಗುವುದು ವೈಫೈನಲ್ಲಿ. ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ. ಒಳಗೂ ವೈಫೈ, ಹೊರಗೂ ವೈಫೈ ಆದರೆ ಒಂದೇ ಬಕೆಟ್ ಹಿಡಿದು ಬಾವಿಗೂ ತೊಟ್ಟಿಗೂ ಓಡಾಡಿದ ಹಾಗೆ. ಕೆಲಸ ಆಗುತ್ತದೆ, ಆದರೆ ಸಾಮಾನ್ಯವಾಗಿ ವೇಗ ಅರ್ಧಕ್ಕೆ ಇಳಿಯುತ್ತದೆ. ಲ್ಯಾಪ್‌ಟಾಪಿನೊಳಗಿನ ಒಂದೇ ವೈಫೈ ಕಾರ್ಡು ಎರಡೂ ಕೆಲಸ ಮಾಡಬೇಕಲ್ಲ.

ಅಕ್ಕನ ಮಗನ ರೂಮಿನಲ್ಲಿ ಮಂಚದ ಹಿಂದೆ ಲ್ಯಾನ್ ಪಾಯಿಂಟ್ ಇತ್ತು. ಅವನು ನೋಡಿರಲೇ ಇಲ್ಲ. ಮಂಚ ಸರಿಸಿ ಕೇಬಲ್ ಹಾಕಿದೆವು. ಕನೆಕ್ಟರಿನ ಮೇಲಿನ ಪುಟ್ಟ ಪ್ಲಾಸ್ಟಿಕ್ ನಾಲಿಗೆ ಮುರಿದಿತ್ತು. ಟಕ್ ಅಂತ ಕೂರಲಿಲ್ಲ, ಮುಟ್ಟಿದರೆ ಜಾರಿ ಬರುತ್ತಿತ್ತು. ಜೇಬಿನಲ್ಲಿದ್ದ ಬಿಎಂಟಿಸಿ ಟಿಕೆಟನ್ನು ನಾಲ್ಕು ಮಡಿಕೆ ಮಾಡಿ ಸಂದಿಗೆ ತುರುಕಿದೆ. ಪಕ್ಕದ ಹಸಿರು ದೀಪ ಮಿನುಗತೊಡಗಿತು. ಆ ಟಿಕೆಟ್ ಎರಡು ತಿಂಗಳು ಅಲ್ಲೇ ಇತ್ತು.

ಈಗ ಮಾಡುವ ಬಗೆ. ವಿಂಡೋಸ್ 10 ಅಥವಾ 11 ಆದರೆ ಸೆಟ್ಟಿಂಗ್ಸ್ ತೆರೆದು ನೆಟ್‌ವರ್ಕ್ ಅಂಡ್ ಇಂಟರ್ನೆಟ್‌ಗೆ ಹೋಗಿ, ಅಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಅಂತ ಇರುತ್ತದೆ. ಹೆಸರು ಕೇಳಿ ಫೋನಿಗೆ ಸಂಬಂಧಪಟ್ಟದ್ದು ಅಂದುಕೊಂಡು ಜನ ಬಿಟ್ಟುಬಿಡುತ್ತಾರೆ. ಅಲ್ಲ, ಬೇಕಾದ್ದು ಅದೇ. ಯಾವ ಕನೆಕ್ಷನ್ ಹಂಚಬೇಕು ಅಂತ ಕೇಳುತ್ತದೆ, ಈಥರ್ನೆಟ್, ಅಂದರೆ ತಂತಿಯ ಕನೆಕ್ಷನ್ ಆರಿಸಿ. ಯಾವುದರ ಮೂಲಕ ಅಂತ ಕೇಳುತ್ತದೆ, ವೈಫೈ ಅನ್ನಿ. ಎಡಿಟ್ ಒತ್ತಿ ಹೆಸರು, ಪಾಸ್‌ವರ್ಡ್ ಬದಲಿಸಿ. ಆಮೇಲೆ ಸ್ವಿಚ್ ಆನ್. ಎಂಟು ಡಿವೈಸ್‌ವರೆಗೆ ಕೂಡಿಸಬಹುದು, ಯಾರ್ಯಾರು ಕೂಡಿದ್ದಾರೆ ಅನ್ನುವ ಪಟ್ಟಿಯೂ ಅಲ್ಲೇ ಕಾಣುತ್ತದೆ. ಫೋನ್ ಹಳೆಯದಾಗಿದ್ದು ಹೆಸರೇ ಕಾಣದಿದ್ದರೆ ಬ್ಯಾಂಡ್ 2.4 ಗಿಗಾಹರ್ಟ್ಸ್‌ಗೆ ಇಡಿ. 5 ಗಿಗಾಹರ್ಟ್ಸ್‌ನ ವೇಗ ಜಾಸ್ತಿ, ಆದರೆ ಗೋಡೆ ದಾಟಲು ಕಷ್ಟಪಡುತ್ತದೆ. ಒಂದೇ ರೂಮಾದರೆ 5 ಒಳ್ಳೆಯದು.

ಈ ಸೌಲಭ್ಯ ಹೀಗೆ ಸುಲಭವಾಗಿ ಸಿಕ್ಕಿದ್ದು 2016ರ ವಿಂಡೋಸ್ 10 ಅಪ್‌ಡೇಟ್‌ನಿಂದ. ಅದಕ್ಕೂ ಮುಂಚೆ, ವಿಂಡೋಸ್ 7ರ ಕಾಲದಲ್ಲಿ, ಕಪ್ಪು ಪರದೆಯಲ್ಲಿ ಕಮಾಂಡ್ ಟೈಪ್ ಮಾಡಬೇಕಿತ್ತು. ಆಮೇಲೆ ಅಡಾಪ್ಟರಿನ ಶೇರಿಂಗ್ ಟ್ಯಾಬ್‌ನಲ್ಲಿ ಟಿಕ್ ಹಾಕಬೇಕಿತ್ತು. ನಾನು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿಕೊಂಡಿದ್ದೆ. ಆ ಕಷ್ಟ ತಪ್ಪಿಸಲು ಉಚಿತ ಹಾಟ್‌ಸ್ಪಾಟ್ ಸಾಫ್ಟ್‌ವೇರ್‌ಗಳು ಹುಟ್ಟಿಕೊಂಡವು. ಈಗಲೂ ಹುಡುಕಿದರೆ ರಾಶಿ ಸಿಗುತ್ತವೆ. ಇಳಿಸಿಕೊಳ್ಳಬೇಡಿ. ಈಗ ಅದರ ಅಗತ್ಯವೇ ಇಲ್ಲ, ಜೊತೆಗೆ ಇನ್ನೇನೇನು ಒಳಗೆ ಬರುತ್ತದೋ ಯಾರಿಗೆ ಗೊತ್ತು.

ಮ್ಯಾಕ್ ಇದ್ದವರು ಸಿಸ್ಟಮ್ ಸೆಟ್ಟಿಂಗ್ಸ್‌ನ ಜನರಲ್‌ನಲ್ಲಿ ಶೇರಿಂಗ್, ಅದರೊಳಗೆ ಇಂಟರ್ನೆಟ್ ಶೇರಿಂಗ್ ನೋಡಿ. ಒಂದು ಮಾತು ನೆನಪಿರಲಿ: ಮ್ಯಾಕ್ ವೈಫೈನಲ್ಲಿ ತೆಗೆದುಕೊಂಡಿದ್ದನ್ನು ವೈಫೈನಲ್ಲೇ ಹಂಚುವುದಿಲ್ಲ. ತಂತಿಯಿಂದಲೋ, ಯುಎಸ್‌ಬಿ ಮೂಲಕ ಫೋನಿನಿಂದಲೋ ಒಳಗೆ ಬರಬೇಕು. ಉಬುಂಟುವಿನಲ್ಲಿ ವೈಫೈ ಸೆಟ್ಟಿಂಗ್ಸ್‌ನ ಮೂರು ಚುಕ್ಕಿ ಒತ್ತಿದರೆ ಹಾಟ್‌ಸ್ಪಾಟ್ ಆಯ್ಕೆ ಸಿಗುತ್ತದೆ. ಅಲ್ಲೂ ತಂತಿಯೇ ವಾಸಿ.

ಹೆಸರಿಡುವುದರಲ್ಲಿ ಒಂದು ಮಜಾ ಇದೆ. ವೈಫೈ ಹೆಸರನ್ನು ಕನ್ನಡದಲ್ಲೂ ಇಡಬಹುದು. ಆದರೆ ಒಟ್ಟು 32 ಬೈಟ್ ಮಾತ್ರ ಜಾಗ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ನಮ್ಮ ಅಕ್ಷರಕ್ಕೆ ಮೂರು, ಕೊಂಬು, ದೀರ್ಘ, ಒತ್ತು ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. 'ಬಸವನಗುಡಿ' ಆರಾಮಾಗಿ ಕೂರುತ್ತದೆ. 'ಮಲ್ಲೇಶ್ವರಂ' ಬಿಗಿಯಾಗಿ ಹಿಡಿಸುತ್ತದೆ. 'ಮಹಾಲಕ್ಷ್ಮಿ' ಬರೆದ ಮೇಲೆ 'ಲೇಔಟ್'ಗೆ ಜಾಗ ಇರುವುದಿಲ್ಲ. ನಾನು 'ನಮ್ಮನೆ' ಅಂತ ಇಟ್ಟಿದ್ದೇನೆ. ಹಳೆಯ ಪ್ರಿಂಟರಿನಲ್ಲಿ ಅದು ಚೌಕ ಚೌಕವಾಗಿ ಕಾಣುತ್ತದೆ, ಫೋನುಗಳಲ್ಲಿ ಚೆನ್ನಾಗಿ ಬರುತ್ತದೆ.

ಪಾಸ್‌ವರ್ಡ್ ವಿಷಯದಲ್ಲಿ ಮಾತ್ರ ತಮಾಷೆ ಬೇಡ. ಪಿಜಿಯವರು ಓಟಿಪಿ ಯಾಕೆ ಕೇಳುತ್ತಾರೆ ಅಂತ ಅಕ್ಕನ ಮಗ ಸಿಟ್ಟಾಗಿದ್ದ. ಅದರ ಹಿಂದೆ ಒಂದು ಕಥೆ ಇದೆ. 2008ರ ಜುಲೈನಲ್ಲಿ ಅಹಮದಾಬಾದ್ ಸ್ಫೋಟದ ದಿನ ಹೊಣೆ ಹೊತ್ತುಕೊಂಡ ಇಮೇಲ್ ಒಂದು ಬಂತು. ತನಿಖೆ ಮಾಡಿದರೆ ಅದು ಹೋಗಿದ್ದು ನವಿ ಮುಂಬೈನ ಒಂದು ಫ್ಲ್ಯಾಟ್‌ನ ವೈಫೈನಿಂದ. ಆ ಮನೆಯಲ್ಲಿದ್ದವರು ಕಳಿಸಿದ್ದಲ್ಲ. ಅವರ ವೈಫೈಗೆ ಸರಿಯಾದ ಬೀಗ ಇರಲಿಲ್ಲ, ಅಷ್ಟೇ. ಪೊಲೀಸರು ಮೊದಲು ಹೋಗಿದ್ದು ಅವರ ಮನೆಗೆ. ಮರುವರ್ಷ, 2009ರಲ್ಲಿ, ವೈಫೈ ಕೊಡುವವರು ಬಳಸುವವರ ಗುರುತು ಇಟ್ಟುಕೊಳ್ಳಬೇಕು ಅಂತ ದೂರಸಂಪರ್ಕ ಇಲಾಖೆ ಸೂಚನೆ ಹೊರಡಿಸಿತು. ರೈಲ್ವೆ ನಿಲ್ದಾಣದ ವೈಫೈ ಆಗಲಿ, ಕಾಫಿ ಅಂಗಡಿಯದ್ದಾಗಲಿ, ಮೊಬೈಲ್ ನಂಬರ್ ಕೇಳುವುದು ಈ ಕಾರಣಕ್ಕೆ. ನೀವು ಹಾಟ್‌ಸ್ಪಾಟ್ ಹಾಕಿದರೆ ನಿಮ್ಮ ಹಿಂದೆ ಕೂತವರು ಮಾಡಿದ್ದೆಲ್ಲ ನಿಮ್ಮ ಲಾಗಿನ್ನಿನ ಲೆಕ್ಕಕ್ಕೆ. ಅಕ್ಕನ ಮಗನದ್ದಾದರೆ ನನ್ನ ಲೆಕ್ಕಕ್ಕೆ, ಓಟಿಪಿ ಬಂದಿದ್ದು ನನ್ನ ನಂಬರಿಗಲ್ವಾ!

ಅವನು ಮೊದಲು ಇಟ್ಟಿದ್ದ ಪಾಸ್‌ವರ್ಡ್ ಒಂದರಿಂದ ಎಂಟರವರೆಗಿನ ಅಂಕಿ. ಕನಿಷ್ಠ ಎಂಟು ಅಕ್ಷರ ಬೇಕು ಅಂತ ವಿಂಡೋಸ್ ಹೇಳಿತ್ತಂತೆ, ಹೇಳಿದಷ್ಟೇ ಮಾಡಿದ್ದ. ವಾರದೊಳಗೆ ಪಟ್ಟಿಯಲ್ಲಿ ಗೊತ್ತಿಲ್ಲದ ಎರಡು ಫೋನುಗಳು. ಪಕ್ಕದ ರೂಮಿನವರು ಸುಮ್ನೆ ಒತ್ತಿ ನೋಡಿದ್ದರಂತೆ, ಕೂಡಿಬಿಟ್ಟಿತು. ನಾಲ್ಕು ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿ ಬರೆದರೆ ನೆನಪಲ್ಲೂ ಉಳಿಯುತ್ತದೆ, ಊಹಿಸುವುದೂ ಕಷ್ಟ. ರೂಮ್‌ಮೇಟ್ ಬದಲಾದಾಗ ಪಾಸ್‌ವರ್ಡೂ ಬದಲಾಗಲಿ. ಒಂದು ಲಾಗಿನ್‌ಗೆ ಒಂದೇ ಡಿವೈಸ್ ಅಂತ ನಿಯಮ ಇರುವ ಕಡೆ ಪಿಜಿ ಓನರ್‌ಗೆ ಒಂದು ಮಾತು ಹೇಳಿಬಿಡಿ. "ಅಣ್ಣ, ನನ್ನ ಫೋನು, ಟ್ಯಾಬು ಮಾತ್ರ ಹಾಕ್ಕೊಳ್ತೀನಿ" ಅಂದರೆ ಬೇಡ ಅನ್ನುವವರು ಕಮ್ಮಿ. ಇಡೀ ಮಹಡಿಗೆ ಹಂಚಿ ತಿಂಗಳಿಗಿಷ್ಟು ಅಂತ ವಸೂಲಿ ಮಾಡುವುದು ಬೇರೆ ವಿಷಯ. ಅದನ್ನು ಮಾಡಬೇಡಿ. ಕನೆಕ್ಷನ್ ಮರುಮಾರಾಟ ಮಾಡಲು ನಿಮಗೆ ಹಕ್ಕಿಲ್ಲ.

ಆಫೀಸ್ ಲ್ಯಾಪ್‌ಟಾಪಿನಲ್ಲಿ ಈ ಪ್ರಯೋಗ ಬೇಡವೇ ಬೇಡ. ಎಷ್ಟೋ ಕಂಪನಿಗಳು ಆ ಸ್ವಿಚ್ಚನ್ನೇ ಮುಚ್ಚಿಟ್ಟಿರುತ್ತವೆ. ಮುಚ್ಚಿಲ್ಲ ಅಂದರೂ ಐಟಿಯವರ ಕಣ್ಣಿಗೆ ಬೀಳುತ್ತದೆ. ಹೊಸ ಕೆಲಸ, ಪ್ರೊಬೇಷನ್ ಬೇರೆ, ಯಾಕೆ ಬೇಕು?

ಫೋನ್ ಕೂಡುತ್ತದೆ, ಆದರೆ ಇಂಟರ್ನೆಟ್ ಇಲ್ಲ ಅನ್ನುತ್ತದೆ. ಇದು ಎಲ್ಲರಿಗೂ ಒಮ್ಮೆಯಾದರೂ ಆಗುತ್ತದೆ. ಮೊದಲು ಲ್ಯಾಪ್‌ಟಾಪಿನಲ್ಲೇ ಒಂದು ಪುಟ ತೆರೆದು ನೋಡಿ. ಪಿಜಿಯ ಲಾಗಿನ್ ಅವಧಿ ಮುಗಿದಿದ್ದರೆ ಅಲ್ಲೂ ಬರುವುದಿಲ್ಲ. ಅಲ್ಲಿ ಬರುತ್ತಿದ್ದರೆ ವಿಪಿಎನ್ (ಇಂಟರ್ನೆಟ್ ಅನ್ನು ಬೇರೆ ಸರ್ವರ್ ಮೂಲಕ ಸುತ್ತಿಸುವ ಸಾಫ್ಟ್‌ವೇರ್) ಆನ್ ಇದೆಯಾ ನೋಡಿ, ಆಫ್ ಮಾಡಿ. ಬೇರೆ ಆಂಟಿವೈರಸ್ ಹಾಕಿಕೊಂಡಿದ್ದರೆ ಅದರ ಫೈರ್‌ವಾಲ್ ತಡೆದಿರಬಹುದು. ಇನ್ನೊಂದು ಮಾಮೂಲಿ ಎಡವಟ್ಟು: ಹಾಟ್‌ಸ್ಪಾಟ್ ಹಾಕಿ, ಲ್ಯಾಪ್‌ಟಾಪ್ ಮುಚ್ಚಿ ಊಟಕ್ಕೆ ಹೋಗುವುದು. ಮುಚ್ಚಿದರೆ ಅದು ನಿದ್ದೆಗೆ ಜಾರುತ್ತದೆ, ಹಾಟ್‌ಸ್ಪಾಟೂ ಮಲಗುತ್ತದೆ. ಪವರ್ ಸೆಟ್ಟಿಂಗ್‌ನಲ್ಲಿ ಮುಚ್ಚಿದಾಗ ಏನೂ ಮಾಡಬೇಡ ಅಂತ ಇಡಬಹುದು. ಆದರೆ ಮುಚ್ಚಿದ ಲ್ಯಾಪ್‌ಟಾಪನ್ನು ಹಾಸಿಗೆ ಮೇಲಿಟ್ಟು ಹೋಗಬೇಡಿ, ಬಿಸಿಯಾಗುತ್ತದೆ. ಯಾರೂ ಕೂಡದೆ ಸ್ವಲ್ಪ ಹೊತ್ತಾದರೆ ತಾನಾಗಿಯೇ ಆಫ್ ಆಗುವ ಪವರ್ ಸೇವಿಂಗ್ ಆಯ್ಕೆಯೂ ಮೊಬೈಲ್ ಹಾಟ್‌ಸ್ಪಾಟ್ ಪುಟದಲ್ಲೇ ಇದೆ. ಬೇಡದಿದ್ದರೆ ತೆಗೆಯಿರಿ.

ಕನೆಕ್ಷನ್ ಬರುವವರೆಗೆ ಬಾಡಿಗೆ ಮನೆಯಲ್ಲಿ ಏನು ಮಾಡುವುದು? ಫೋನಿನ ಹಾಟ್‌ಸ್ಪಾಟ್ ಸಾಕು ಅನ್ನಿಸಿದರೆ ಅದೇ ಸಾಕು, ಲ್ಯಾಪ್‌ಟಾಪ್ ಮಧ್ಯೆ ತರಬೇಡಿ. ಆದರೆ ಗಂಟೆಗಟ್ಟಲೆ ಹಾಕಿದರೆ ಫೋನ್ ಕಾದು ಬ್ಯಾಟರಿ ಇಳಿಯುತ್ತದೆ. ಅದರ ಬದಲು ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಫೋನಿನಲ್ಲಿ ಯುಎಸ್‌ಬಿ ಟೆಥರಿಂಗ್ (ಕೇಬಲ್‌ನಲ್ಲಿ ಇಂಟರ್ನೆಟ್ ಕೊಡುವ ಆಯ್ಕೆ) ಆನ್ ಮಾಡಿ, ಅಲ್ಲಿಂದ ಹಂಚಿ. ಫೋನ್ ಚಾರ್ಜೂ ಆಗುತ್ತಿರುತ್ತದೆ. ಉದ್ದದ ಕೇಬಲ್ ಇದ್ದರೆ ಸಿಗ್ನಲ್ ಚೆನ್ನಾಗಿರುವ ಕಿಟಕಿ ಹತ್ತಿರ ಇಡಬಹುದು. ಹೀಗೆ ಮಾಡುವಾಗ ಲ್ಯಾಪ್‌ಟಾಪಿನಲ್ಲಿ ಆ ಕನೆಕ್ಷನ್ ಅನ್ನು ಮೀಟರ್ಡ್ (ಡೇಟಾಗೆ ಮಿತಿ ಇದೆ) ಅಂತ ಗುರುತು ಮಾಡಲು ಮರೆಯಬೇಡಿ. ಇಲ್ಲದಿದ್ದರೆ ರಾತ್ರಿ ವಿಂಡೋಸ್ ಅಪ್‌ಡೇಟ್ ಇಳಿಸಿಕೊಂಡು ನಿಮ್ಮ ದಿನದ ಎರಡು ಜಿಬಿಯನ್ನು ಒಂದೇ ಗುಟುಕಿಗೆ ಕುಡಿದುಬಿಡುತ್ತದೆ. ಬೆಸ್ಕಾಂ ಕರೆಂಟ್ ಹೋದಾಗಲೂ ಇದೇ ಉಪಾಯ. ಲ್ಯಾಪ್‌ಟಾಪಿಗೆ ಬ್ಯಾಟರಿ ಇರುತ್ತದೆ, ಮನೆಯ ರೌಟರಿಗೆ ಇರುವುದಿಲ್ಲ.

ಡೆಸ್ಕ್‌ಟಾಪ್ ಇದ್ದು ಅದರಲ್ಲಿ ವೈಫೈ ಇಲ್ಲವೇ? ಕಂಪ್ಯೂಟರ್ ಸಾಮಾನಿನ ಅಂಗಡಿಗಳ ಬೀದಿ ಎಸ್‌ಪಿ ರೋಡಿಗೆ ಹೋಗಿ. ಚಿಕ್ಕಪೇಟೆ ಮೆಟ್ರೊದಲ್ಲಿ ಇಳಿದು ನಡೆಯಬಹುದು. ಬೆರಳುಗುರಿನಷ್ಟು ಚಿಕ್ಕ ಯುಎಸ್‌ಬಿ ವೈಫೈ ಅಡಾಪ್ಟರ್ ಐದಾರು ನೂರು ರೂಪಾಯಿಯೊಳಗೆ ಸಿಗುತ್ತದೆ. "ಇದರಲ್ಲಿ ಹಾಟ್‌ಸ್ಪಾಟ್ ಬರುತ್ತಾ?" ಅಂತ ಕೇಳಿಯೇ ಕೊಳ್ಳಿ. ಕೆಲವು ಅಡಾಪ್ಟರುಗಳು ವೈಫೈ ಹಿಡಿಯುತ್ತವೆ, ಕೊಡುವುದಿಲ್ಲ. ಅಂಗಡಿಯಲ್ಲೇ ಒಂದು ಕಂಪ್ಯೂಟರಿಗೆ ಹಾಕಿ ತೋರಿಸಿ ಅನ್ನಿ, ಸಂಕೋಚ ಬೇಡ, ಆ ಬೀದಿಯಲ್ಲಿ ಎಲ್ಲರೂ ಕೇಳುತ್ತಾರೆ.

ಮೂರು ತಿಂಗಳಿಗಿಂತ ಜಾಸ್ತಿ ಅದೇ ರೂಮಿನಲ್ಲಿ ಇರುವುದಾದರೆ ಅಡಾಪ್ಟರ್ ಬಿಟ್ಟು, ಅಲ್ಲೇ ಒಂದು ಸಣ್ಣ ರೌಟರ್ ತೆಗೆದುಕೊಳ್ಳಿ. ಅಕ್ಕನ ಮಗ ಕೊನೆಗೆ ಅದನ್ನೇ ಮಾಡಿದ. ಕೇಬಲ್ ತೆಗೆದು ರೌಟರಿಗೆ ಹಾಕುವಾಗ ಮಡಿಸಿದ ಟಿಕೆಟ್ ಕೆಳಗೆ ಬಿತ್ತು. "ಮಾಮ, ಇದನ್ನೂ ಇದಕ್ಕೆ ಹಾಕ್ಲಾ?" ಅಂದ. ಕೇಬಲ್ಲೇ ಹೊಸದು ತಾರಪ್ಪ ಅಂದೆ, ಮೂವತ್ತು ನಲವತ್ತು ರೂಪಾಯಿ ಅಷ್ಟೇ ತಾನೇ.