ಇನ್ನೊಬ್ಬರ ಓದನ್ನು ಅಲ್ಲಗಳೆಯುವ ಮುನ್ನ

ಪ್ರಾಚೀನ ಬರಹಗಳ ಸುತ್ತ ವಿದ್ವಾಂಸರ ಜಗಳ ಕಾವೇರುವುದು ಹೆಚ್ಚಾಗಿ ಪುರಾವೆ ತೆಳುವಾಗಿರುವ ಕಡೆ. ಸವೆದ ಎರಡು ಅಕ್ಷರಗಳ ಮೇಲೆ ಒಬ್ಬರ ಇಡೀ ವಾದ ನಿಂತಿರುತ್ತದೆ. ಅದನ್ನು ಮುಟ್ಟಿದರೆ ಅವರನ್ನೇ ಮುಟ್ಟಿದಂತೆ. ಹಾಗಾಗಿ ಖಂಡನೆ ಬರೆಯಲು ಕೂರುವ ಮೊದಲು ಮೂಲವನ್ನು ಕಣ್ಣಾರೆ ನೋಡಿ. ಆಗದಿದ್ದರೆ ಪಡಿಯಚ್ಚು (ಬರಹದ ಮೇಲೆ ಕಾಗದ ಒತ್ತಿ ತೆಗೆದ ಪ್ರತಿ), ಫೋಟೊ ಎರಡನ್ನೂ ಇಟ್ಟುಕೊಂಡು, ಯಾವುದನ್ನು ನೋಡಿ ಬರೆದಿರಿ ಎಂದು ಮೊದಲ ಪುಟದಲ್ಲೇ ಹೇಳಿ.

ಕಲ್ಲಾದರೆ ಟಾರ್ಚನ್ನು ಅದರ ಮೈಗೆ ಒರಗುವಷ್ಟು ತಗ್ಗಿಸಿ ಹಿಡಿದು ನಾಲ್ಕೂ ಕಡೆಯಿಂದ ಬೆಳಕು ಬಿಟ್ಟು ಫೋಟೊ ತೆಗೆಯಿರಿ. ಬೆಳಕು ಬರುವ ದಿಕ್ಕಿನಲ್ಲೇ ಸಾಗುವ ಗೆರೆಗೆ ನೆರಳು ಬೀಳುವುದಿಲ್ಲ. ಒಂದೇ ಫೋಟೊ ನಂಬಿದವರು ಆ ಗೆರೆ ಇಲ್ಲವೇ ಇಲ್ಲ ಎಂದು ಬರೆದುಬಿಡುತ್ತಾರೆ. ಬಿರುಕನ್ನು ಗೆರೆ ಎಂದುಕೊಳ್ಳುವುದೂ ಉಂಟು: ಗೆರೆ ಅಕ್ಷರದ ಆಚೆಗೂ ಹರಿದಿದ್ದರೆ ಮೊದಲು ಕಲ್ಲಿನ ಮೇಲೆ ಅನುಮಾನಪಡಿ, ಆಮೇಲೆ ಅದನ್ನು ಓದಿ ಪ್ರಕಟಿಸಿದ ಸಂಪಾದಕರ ಮೇಲೆ.

ಪಾಠವನ್ನು, ಅಂದರೆ ಮೂಲದಲ್ಲಿ ಓದಿದ ಅಕ್ಷರಗಳನ್ನು, ಬರೆದುಕೊಡುವಾಗ ಕಂಡದ್ದನ್ನೂ ಊಹಿಸಿದ್ದನ್ನೂ ಬೆರೆಸಬೇಡಿ. 1931ರಲ್ಲಿ ನೆದರ್‌ಲ್ಯಾಂಡ್ಸ್‌ನ ಲೈಡನ್ನಿನಲ್ಲಿ ರೂಪುಗೊಂಡ ಗುರುತುಗಳು ಇರುವುದೇ ಇದಕ್ಕೆ. ಅಳಿದುಹೋದದ್ದನ್ನು ತುಂಬಿದರೆ ಚೌಕ ಆವರಣ, ಸಂಕ್ಷೇಪವನ್ನು ಬಿಡಿಸಿದರೆ ದುಂಡು ಆವರಣ, ಅನುಮಾನದ ಅಕ್ಷರಕ್ಕೆ ಕೆಳಗೆ ಚುಕ್ಕಿ. ಎಡವಟ್ಟಾಗುವುದು ಮರುಉಲ್ಲೇಖದಲ್ಲಿ. ಒಬ್ಬರು ಆವರಣದೊಳಗೆ ತುಂಬಿದ ಪದವನ್ನು ಎರಡನೆಯವರು ಆವರಣ ಬಿಟ್ಟು ಎತ್ತಿಕೊಳ್ಳುತ್ತಾರೆ, ಮೂರನೆಯವರಿಗೆ ಅದೇ ಪುರಾವೆ. ಆವರಣವನ್ನು ಹಾಗೇ ಉಳಿಸಿಕೊಂಡರೆ ಅರ್ಧ ಜಗಳಗಳು ಇಲ್ಲೇ ತೀರಿಯಾವು.

ಇನ್ನು ಪೂರ್ವಪಕ್ಷ. ಎದುರಿನವರ ವಾದವನ್ನು ಒಂದೇ ಪ್ಯಾರಾದಲ್ಲಿ, ಅವರ ಅತ್ಯಂತ ಗಟ್ಟಿ ಪುರಾವೆಯ ಸಮೇತ ಬರೆಯಿರಿ. ಕರಡನ್ನು ಅವರಿಗೇ ಕಳಿಸಿ, ಎರಡು ಮೂರು ವಾರ ಬಿಡುವು ಕೊಡಿ. ‘ಒಪ್ಪುತ್ತೀರಾ?’ ಎನ್ನಬೇಡಿ, ‘ನಿಮ್ಮ ಮಾತನ್ನು ಎಲ್ಲಾದರೂ ತಿರುಚಿದ್ದೇನೆಯೇ?’ ಎಂದಷ್ಟೇ ಕೇಳಿ. ಮೊದಲ ಪ್ರಶ್ನೆಗೆ ಬರುವುದು ವಾಗ್ವಾದ, ಎರಡನೆಯದಕ್ಕೆ ತಿದ್ದುಪಡಿ.

‘ಇವರಿಗೆ ಲಿಪಿ ಗೊತ್ತಿಲ್ಲ’ ಎಂಬಂಥ ವಾಕ್ಯ ಬಂದರೆ ಹೊಡೆದುಹಾಕಿ. ‘ಮೂರನೆಯ ಸಾಲಿನ ಐದನೆಯ ಅಕ್ಷರಕ್ಕೆ ಮೇಲಿನ ಕೊಂಕು ಇಲ್ಲ, ಹಾಗಾಗಿ ಈ ಪದ ನಿಲ್ಲದು’ ಎಂದು ಬರೆದರೆ ಯಾರು ಬೇಕಾದರೂ ಪರೀಕ್ಷಿಸಬಹುದು. ಸೋವಿಯತ್ ವಿದ್ವಾಂಸ ಯೂರಿ ಕ್ನೊರೊಜೊವ್ 1952ರಲ್ಲಿ ಮಧ್ಯ ಅಮೆರಿಕದ ಪ್ರಾಚೀನ ಮಾಯಾ ಲಿಪಿಯಲ್ಲಿ ಉಚ್ಚಾರದ ಚಿಹ್ನೆಗಳಿವೆ ಎಂದಾಗ, ಆ ಕ್ಷೇತ್ರದ ದೊಡ್ಡ ಹೆಸರಾಗಿದ್ದ ಎರಿಕ್ ಥಾಂಪ್ಸನ್ ಉತ್ತರದಲ್ಲಿ ಸೋವಿಯತ್ ರಾಜಕೀಯವನ್ನೂ ಎಳೆತಂದರು. ಕ್ನೊರೊಜೊವ್ ಅವರ ಬಿಡಿ ಓದುಗಳಲ್ಲಿ ತಪ್ಪುಗಳಿದ್ದವು, ಅಷ್ಟನ್ನೇ ತೋರಿಸಿದ್ದರೆ ಲಾಭವಿತ್ತು. ಮೂಲ ಸೂತ್ರ ಸರಿಯಿತ್ತು. ಅದು ಒಪ್ಪಿತವಾಗಲು ವರ್ಷಗಳೇ ಹಿಡಿದವು.

ಯಾವ ಪುರಾವೆ ಸಿಕ್ಕರೆ ಮನಸ್ಸು ಬದಲಿಸುತ್ತೀರಿ ಎಂಬುದನ್ನೂ ಮೊದಲೇ ಬರೆದಿಡಿ. ಅದು ಓದನ್ನು ಕಟ್ಟುವಾಗ ಬಳಸದ ಸಾಮಗ್ರಿಯಿಂದ ಬಂದರೆ ತೂಕ ಹೆಚ್ಚು. ಮೈಕೆಲ್ ವೆಂಟ್ರಿಸ್ ಕ್ರೀಟ್, ಗ್ರೀಸ್‌ಗಳಲ್ಲಿ ಸಿಕ್ಕ ಲೀನಿಯರ್ ಬಿ ಎಂಬ ಪ್ರಾಚೀನ ಲಿಪಿಯ ಬರಹವನ್ನು ಗ್ರೀಕ್ ಭಾಷೆ ಎಂದು ಓದಿದ ಮೇಲೆ, ಪುರಾತತ್ವಜ್ಞ ಕಾರ್ಲ್ ಬ್ಲೆಗೆನ್ 1953ರಲ್ಲಿ ಗ್ರೀಸ್‌ನ ಪೈಲೊಸ್‌ನಲ್ಲಿ ಸಿಕ್ಕ ಹೊಸ ಮಣ್ಣಿನ ಫಲಕವೊಂದಕ್ಕೆ ಅದೇ ಅಕ್ಷರಮೌಲ್ಯಗಳನ್ನು ಹಚ್ಚಿ ನೋಡಿದರು. ‘ತಿ-ರಿ-ಪೊ-ದೆ’ (ಗ್ರೀಕ್‌ನಲ್ಲಿ ಮೂರು ಕಾಲಿನವು) ಎಂದು ಬಂದ ಕಡೆ ಮೂರು ಕಾಲಿನ ಪಾತ್ರೆಯ ಚಿತ್ರ, ಮುಂದೆ ಎರಡು ಎಂಬ ಅಂಕಿ. ನಾಲ್ಕು ಹಿಡಿಯ ಪಾತ್ರೆಯ ಚಿತ್ರದ ಪಕ್ಕದಲ್ಲಿ ನಾಲ್ಕು ಹಿಡಿ ಎಂಬರ್ಥದ ಪದ, ಹಿಡಿಯಿಲ್ಲದ್ದರ ಪಕ್ಕದಲ್ಲಿ ಹಿಡಿಯಿಲ್ಲದ್ದು ಎಂಬ ಪದ.

ವಸ್ತು ಎಲ್ಲಿಂದ ಬಂತು ಎಂಬ ಪ್ರಶ್ನೆ ಅಕ್ಷರದ ಪ್ರಶ್ನೆಗಿಂತ ಮುಂಚಿನದು. ಪ್ರಾಚೀನ ವಸ್ತುಗಳ ಕಳ್ಳಸಾಗಣೆ ತಡೆಯಲು ಆದ 1970ರ ಯುನೆಸ್ಕೊ ಒಪ್ಪಂದಕ್ಕಿಂತ ಮುಂಚೆ ಅದು ಯಾರ ಕೈಯಲ್ಲಿತ್ತು, ದಾಖಲೆ ಏನಿದೆ ಎಂದು ವಿಚಾರಿಸಿ. ಯೇಸು ‘ನನ್ನ ಹೆಂಡತಿ’ ಎನ್ನುವ ಮಾತಿದ್ದು 2012ರಲ್ಲಿ ಬೆಳಕಿಗೆ ಬಂದ ‘ಯೇಸುವಿನ ಹೆಂಡತಿ’ ಪಪೈರಸ್ (ಜೊಂಡಿನ ಹಾಳೆ) ತುಣುಕಿನ ಮಾಲೀಕತ್ವದ ಕತೆ 2016ರಲ್ಲಿ ಬಿಚ್ಚಿಕೊಂಡಾಗ, ಅದನ್ನು ಪ್ರಕಟಿಸಿದ ವಿದ್ವಾಂಸರೇ ನಕಲಿಯಾಗಿರುವ ಸಾಧ್ಯತೆ ಹೆಚ್ಚು ಎಂದು ಒಪ್ಪಿದರು. ಮಾಲೀಕರನ್ನು ಗುಟ್ಟಾಗಿಟ್ಟು ಪಾಠವನ್ನಷ್ಟೇ ಚರ್ಚಿಸಿ ಎನ್ನುವ ಕರಾರಿಗೆ ಒಪ್ಪದಿರುವುದೇ ಕ್ಷೇಮ.

ಇನ್ನೊಬ್ಬರ ಅಚ್ಚಾಗದ ಲೇಖನವನ್ನು ಪತ್ರಿಕೆಯವರು ನಿಮಗೆ ಪರಿಶೀಲನೆಗೆ ಕಳಿಸಿದ್ದರೆ, ಅದರ ವಿಚಾರ ಅದು ಅಚ್ಚಾಗುವವರೆಗೆ ನಿಮ್ಮ ಲೇಖನಕ್ಕೆ ಬರಕೂಡದು. ಲೇಖಕರ ಜೊತೆ ಜಗಳ ನಡೆದಿದ್ದರೆ ಪರಿಶೀಲನೆಯನ್ನೇ ಒಲ್ಲೆ ಎನ್ನಿ.

ನಿಮ್ಮ ಖಂಡನೆಯೇ ತಪ್ಪೆಂದು ತಿಳಿದರೆ, ಅದು ಅಚ್ಚಾದ ಪತ್ರಿಕೆಯಲ್ಲೇ ತಿದ್ದುಪಡಿ ಹಾಕಿಸಿ: ಯಾವ ಸಾಲು, ಮೊದಲು ಹೇಗೆ ಓದಿದ್ದಿರಿ, ಈಗ ಹೇಗೆ, ತೋರಿಸಿಕೊಟ್ಟವರು ಯಾರು, ನಿಮ್ಮ ಲೇಖನದಲ್ಲಿ ಇನ್ನೂ ನಿಲ್ಲುವ ಭಾಗ ಯಾವುದು.